ಬಂದೂಕು ಹಿಡಿದವರ ಜೊತೆ ಕೂತು ಅಫೀಮು ಬೆಳೆ ಕೊಂಡ್ಕೊಳ್ಳೋದು ಸರೀನಾ? ಬರ್ಮಾದ ಶಾನ್ ಬೆಟ್ಟಗಳ ವಿಷಯ, ನಿಮ್ಮ ಅಭಿಪ್ರಾಯ ಬೇಕು

ಬೆಟ್ಟದ_ಹಾದಿ

ನಮಸ್ಕಾರ ಎಲ್ರಿಗೂ. ಉದ್ದ ಪೋಸ್ಟ್, ಪುರುಸೊತ್ತು ಮಾಡ್ಕೊಂಡು ಓದಿ. ನಾನು ಕೆಲಸದ ಮೇಲೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಾಲ್ಕು ವರ್ಷ ಇದ್ದೆ, ರಜೆ ಸಿಕ್ಕಾಗೆಲ್ಲ ಬೈಕ್ ತಗೊಂಡು ಬರ್ಮಾ ಗಡಿ ಕಡೆ ಬೆಟ್ಟ ಹತ್ತೋದು ಅಭ್ಯಾಸ ಆಗಿತ್ತು. ಒಂದ್ಸಲ ಥೋಯೆಟ್ ಥಾಯ್ ಅನ್ನೋ ಊರಿಗೆ ಹೋದೆ, ಅದರ ಹಳೇ ಹೆಸರು ಬಾನ್ ಹಿನ್ ಟೇಕ್. 1982ರ ಜನವರಿಯಲ್ಲಿ ಥಾಯ್ ಸೈನ್ಯ ನುಗ್ಗಿ ಓಡಿಸೋ ತನಕ ಬರ್ಮಾದ ಅಫೀಮು ದೊರೆ ಖುನ್ ಸಾನ ಠಾಣ್ಯ ಅಲ್ಲೇ ಇತ್ತು, ಈಗ ಅವನಿದ್ದ ಜಾಗ ಒಂದು ಸಣ್ಣ ಮ್ಯೂಸಿಯಂ. ಅಲ್ಲಿಂದ ಬಂದ ಮೇಲೆ ಈ ಇತಿಹಾಸ ಓದೋದು ಹಿಡ್ಕೊಂಡೆ, ಬಿಡೋಕೆ ಆಗ್ಲಿಲ್ಲ.

ವಿಷಯ ಇಷ್ಟು. 1973ರಲ್ಲಿ ಶಾನ್ ಸ್ಟೇಟ್ ಆರ್ಮಿ ಅನ್ನೋ ಬಂಡಾಯ ಪಡೆಯವರು, ಜೊತೆಗೆ ಆ ಕಾಲದ ದೊಡ್ಡ ಅಫೀಮು ಕುಳ ಲೋ ಸಿಂಗ್ ಹಾನ್, ಇಬ್ರೂ ಸೇರಿ ಅಮೆರಿಕಕ್ಕೆ ಒಂದು ಪ್ರಸ್ತಾಪ ಇಟ್ರು. ನಮ್ಮ ಕೈಯಲ್ಲಿರೋ ಅಫೀಮನ್ನ ಬೆಲೆ ಮಾತಾಡಿ ನೀವೇ ಕೊಂಡ್ಕೊಳ್ಳಿ, ನಿಮ್ಮ ಅಧಿಕಾರಿಗಳ ಕಣ್ಣೆದುರಿಗೇ ಸುಟ್ಟು ಹಾಕೋಣ, ನಮ್ಮ ಪ್ರದೇಶಕ್ಕೆ ಬಂದು ನೋಡಿ, ಆದ್ರೆ ಇದು ಶಾಶ್ವತವಾಗಿ ನಿಲ್ಲಬೇಕು ಅಂದ್ರೆ ಬರ್ಮಾದಲ್ಲಿ ಶಾನ್ ಜನಕ್ಕೆ ಒಕ್ಕೂಟದ ಒಳಗೆ ನ್ಯಾಯವಾದ ಜಾಗ ಸಿಗಬೇಕು, ಅದರ ಬಗ್ಗೆ ಮಾತುಕತೆ ಆಗ್ಲಿ ಅಂತ. ಅದೇ ಜುಲೈನಲ್ಲಿ ಲೋ ಥಾಯ್ ಗಡಿ ದಾಟಿದ, ಥಾಯ್ ಪೊಲೀಸರು ಹಿಡಿದು ಬರ್ಮಾಕ್ಕೆ ಒಪ್ಪಿಸಿದ್ರು. ರಂಗೂನಿನಲ್ಲಿ ಅವನಿಗೆ ಮರಣದಂಡನೆ ಆಯ್ತು, ಗಲ್ಲಿಗೇರಿಸ್ಲಿಲ್ಲ, 1980ರಲ್ಲಿ ಬಿಟ್ರು.

ಪ್ರಸ್ತಾಪ ಅಲ್ಲಿಗೇ ಸಾಯ್ಲಿಲ್ಲ. 1975ರಲ್ಲಿ ಅಮೆರಿಕ ಸಂಸತ್ತಿನ ಸದಸ್ಯ ಲೆಸ್ಟರ್ ವುಲ್ಫ್ ಅದರ ಮೇಲೆ ವಿಚಾರಣೆ ನಡೆಸಿದ್ರು. 1977ರಲ್ಲಿ ಅವರ ಸಮಿತಿಯ ವಕೀಲ ಜೋಸೆಫ್ ನೆಲ್ಲಿಸ್ ಹೋಗಿ ಖುನ್ ಸಾನ ಜೊತೆಗೇ ಕೂತು ಮಾತಾಡಿ ಬಂದ್ರು, ಮುಂದಿನ ಕೆಲವು ವರ್ಷದ ಬೆಳೆ ಕೊಡ್ತೀನಿ ಅಂತ ಅವನೂ ಹೇಳಿದ್ದ. ಅಮೆರಿಕದ ವಿದೇಶಾಂಗ ಇಲಾಖೆ ಆಗಲ್ಲ ಅಂತು. ಬದಲಿಗೆ 1974ರಿಂದ ಬರ್ಮಾದ ಮಿಲಿಟರಿ ಸರ್ಕಾರಕ್ಕೆ ಹೆಲಿಕಾಪ್ಟರ್ ಕೊಡೋಕೆ ಶುರು ಮಾಡಿತ್ತು, 80ರ ದಶಕದಲ್ಲಿ ವಿಮಾನದಿಂದ 2,4-ಡಿ ಕಳೆನಾಶಕ ಸಿಂಪಡಿಸೋ ಮಟ್ಟಕ್ಕೂ ಹೋಯ್ತು.

ನನ್ನ ಪ್ರಶ್ನೆ: ಅವತ್ತು ಕೊಂಡಿದ್ರೆ ಏನಾಗ್ತಿತ್ತು? ನನ್ನ ಮನಸ್ಸು ಕೊಳ್ಳಬೇಕಿತ್ತು ಅಂತಾನೇ ಹೇಳುತ್ತೆ. ಆದ್ರೆ ಬೇರೆಯವರ ಮಾತು ಕೇಳ್ಬೇಕು ಅನ್ಸುತ್ತೆ.

ನೇರ_ಮಾತು

ನಾನು ಕೊಳ್ಳೇಗಾಲದವನು ಸರ್. ಬಂದೂಕು ಹಿಡಿದವನ ಜೊತೆ ಮಾತುಕತೆ ಅಂದ್ರೆ ಏನು ಅಂತ ನಮ್ಮೂರ ಕಡೆಯವರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ. 2000ನೇ ಇಸವಿ ಜುಲೈ 30, ಅಣ್ಣಾವ್ರನ್ನ ಗಾಜನೂರಿಂದ ಎತ್ಕೊಂಡು ಹೋದಾಗ ಮನೇಲಿ ಒಲೆ ಹಚ್ಚಿರ್ಲಿಲ್ಲ, 108 ದಿನ ದಿನಾ ರೇಡಿಯೋ ಮುಂದೆ ಕೂತಿದ್ವಿ. ಒಂದ್ಸಲ ಮಾತಾಡಿದ್ರೆ ಮುಂದಿನ ಸಲದ ರೇಟು ಅವನೇ ನಿಗದಿ ಮಾಡ್ತಾನೆ. ಈ ಖುನ್ ಸಾ ಜೈಲಿಂದ ಹೊರಗೆ ಬಂದಿದ್ದೇ ಇಬ್ರು ರಷ್ಯನ್ ಡಾಕ್ಟರುಗಳನ್ನ ಅವನ ಕಡೆಯವರು ಒತ್ತೆ ಇಟ್ಕೊಂಡಿದ್ರಿಂದ ಅಲ್ವಾ? ಅಂಥವನ ಕೈಗೆ ಡಾಲರ್ ಕೊಟ್ಟು ಅಫೀಮು ತಗೋಳೋದು ಅಂದ್ರೆ ಮುಂದಿನ ವರ್ಷದ ಗುಂಡು ನಾವೇ ಕೊಡಿಸಿದ ಹಾಗೆ. ಅಮೆರಿಕ ಬೇಡ ಅಂದಿದ್ದು ಈ ವಿಷಯದಲ್ಲಿ ಸರಿ.

ಬೆಟ್ಟದ_ಹಾದಿ

ಹೌದು, 1973ರಲ್ಲಿ ಟೌಂಗ್ಜಿಯಿಂದ ಡಾಕ್ಟರುಗಳನ್ನ ಎತ್ಕೊಂಡು ಹೋದ್ರು, 74ರಲ್ಲಿ ಖುನ್ ಸಾನ ಬಿಡುಗಡೆ ಆಯ್ತು. ನೀವು ಹೇಳಿದ್ದು ನನ್ನನ್ನೂ ಕಾಡಿದ ಮಾತು. ಆದ್ರೆ ಒಂದು ವಿಷಯ ಸೇರಿಸ್ತೀನಿ. ಖುನ್ ಸಾ ಆಗ್ಲಿ ಲೋ ಆಗ್ಲಿ ದಂಡೇ ಕಟ್ಟಿ ಬೆಳೆದದ್ದು ಹೆಂಗೆ ಗೊತ್ತಾ? 1962ರಲ್ಲಿ ದಂಗೆ ಮಾಡಿ ಅಧಿಕಾರ ಹಿಡಿದ ಸೇನಾಪತಿ ನೆ ವಿನ್‌ನ ಸರ್ಕಾರಾನೇ 1963ರಲ್ಲಿ ಕಾ ಕ್ವೆ ಯೆ ಅಂತ ಸ್ಥಳೀಯ ಕಾವಲು ಪಡೆ ಮಾಡ್ತು. ನೀವು ಶಾನ್ ಬಂಡಾಯಗಾರರ ವಿರುದ್ಧ ಹೋರಾಡಿ, ಸಂಬಳ ಕೊಡೋಕೆ ನಮ್ಮ ಹತ್ರ ದುಡ್ಡಿಲ್ಲ, ಸರ್ಕಾರದ ರಸ್ತೇಲಿ ಏನು ಬೇಕಾದ್ರೂ ಸಾಗಿಸ್ಕೊಳ್ಳಿ ಅಂತ ಬಿಟ್ಬಿಡ್ತು. ಅವರು ಅಫೀಮು ಸಾಗಿಸಿದ್ರು. ಇಬ್ರೂ ಆ ಪಡೆಯ ಕಮಾಂಡರ್‌ಗಳು. 73ರಲ್ಲಿ ಪಡೆ ವಿಸರ್ಜನೆ ಮಾಡಿ ಆಯುಧ ವಾಪಸ್ ಕೊಡಿ ಅಂದಾಗ ಲೋ ಕಾಡಿಗೆ ಹೋಗಿ ಬಂಡಾಯಗಾರರ ಜೊತೆ ಸೇರ್ಕೊಂಡ. ಅಂದ್ರೆ ಸರ್ಕಾರ ಅಫೀಮಿನ ದುಡ್ಡಲ್ಲಿ ಬಂದೂಕು ಸಾಕಿದ್ದು ಮೊದಲು, ಅಮೆರಿಕಕ್ಕೆ ಪ್ರಸ್ತಾಪ ಹೋಗಿದ್ದು ಆಮೇಲೆ.

ಇನ್ನು ಶಾನ್ ಸ್ಟೇಟ್ ಆರ್ಮಿಯವರನ್ನ ಖುನ್ ಸಾನ ಜೊತೆ ಒಂದೇ ತಕ್ಕಡೀಲಿ ತೂಗಬೇಡಿ ದಯವಿಟ್ಟು. ಅದರ ಮುಂಚೂಣಿಯಲ್ಲಿದ್ದ ಚಾವೋ ತ್ಸಾಂಗ್ ಯಾಂಘ್ವೆ ಬರ್ಮಾದ ಮೊದಲ ಅಧ್ಯಕ್ಷ ಸಾವೋ ಶ್ವೆ ಥೈಕ್ ಅವರ ಮಗ. 1962ರ ಮಾರ್ಚ್ 2ರ ದಂಗೆಯ ರಾತ್ರಿ ಇವರ ತಮ್ಮನಿಗೆ ಮನೇಲೇ ಗುಂಡು ಹೊಡೆದ್ರು, ಚಿಕ್ಕ ಹುಡುಗ, ತಂದೆ ಅದೇ ವರ್ಷ ಜೈಲಲ್ಲಿ ತೀರ್ಕೊಂಡ್ರು. 1947ರ ಪಾಂಗ್ಲಾಂಗ್ ಒಪ್ಪಂದದಲ್ಲಿ ಬೆಟ್ಟದ ಜನಕ್ಕೆ ಕೊಟ್ಟ ಸ್ವಾಯತ್ತತೆಯ ಮಾತು ಮುರಿದಿದ್ದಕ್ಕೆ ಕಾಡು ಸೇರಿದವರು ಇವರೆಲ್ಲ. ಅಮೆರಿಕಕ್ಕೆ ಇವರು ಕಳಿಸಿದ ಪ್ರಸ್ತಾಪದ ಪತ್ರದಲ್ಲಿ ಅಫೀಮಿನಷ್ಟೇ ಜಾಗ ಸಂವಿಧಾನಕ್ಕೂ ಇತ್ತು.

ಪಿರಿಯಾಪಟ್ಟಣ_ಬ್ಯಾರನ್

ನಾನು ತಂಬಾಕು ಬೆಳೆಗಾರ ಸರ್, ಎರಡು ತಲೆಮಾರಿಂದ. ಈ ರಾಜಕೀಯ ನನಗೆ ಗೊತ್ತಿಲ್ಲ ಆದ್ರೆ ಪರವಾನಗಿ ಬೆಳೆ ಅಂದ್ರೆ ಏನು ಅಂತ ಗೊತ್ತು. ನಮ್ಗೆ ಬ್ಯಾರನ್‌ಗೆ, ಅಂದ್ರೆ ಎಲೆ ಹದ ಮಾಡೋ ಮನೆಗೆ, ಇಷ್ಟು ಕೆಜಿ ಅಂತ ಕೋಟಾ ಇರುತ್ತೆ, ಮಳೆ ಚೆನ್ನಾಗಾಗಿ ಜಾಸ್ತಿ ಬಂದ್ರೆ ಹೆಚ್ಚುವರಿಗೆ ದಂಡ ಕಟ್ಟಿ ಹರಾಜಿಗೆ ಹಾಕ್ಬೇಕು, ಲೈಸೆನ್ಸ್ ಇಲ್ದೆ ಬೆಳೆದವರೂ ಇರ್ತಾರೆ, ಅವರ ಮಾಲು ರಾತ್ರಿ ಯಾರದೋ ಕಾರ್ಡಲ್ಲಿ ಹೋಗುತ್ತೆ. ಯಾವ ಬೆಳೆಗೆ ಖಾತ್ರಿ ಕೊಳ್ಳೋರು ಇದಾರೋ ಆ ಬೆಳೆ ಮುಂದಿನ ವರ್ಷ ಜಾಸ್ತಿ ಆಗೇ ಆಗುತ್ತೆ, ಇದು ನನ್ನ ಕಣ್ಣಾರೆ ಕಂಡಿದ್ದು, ಒಂದು ವರ್ಷ ರೇಟು ಚೆನ್ನಾಗಿ ಸಿಕ್ತು ಅಂದ್ರೆ ರಾಗಿ ಹಾಕೋ ಹೊಲಕ್ಕೆಲ್ಲ ತಂಬಾಕು ಬರುತ್ತೆ. ಅಮೆರಿಕ ಕೊಂಡ್ಕೊಳ್ತಾರೆ ಅಂತ ಗೊತ್ತಾದ್ರೆ ಆ ಬೆಟ್ಟದೋರು ಎರಡರಷ್ಟು ಹಾಕ್ತಿದ್ರು. ಅವರ ತಪ್ಪು ಅಂತ ಹೇಳ್ತಿಲ್ಲ. ನಾನಾಗಿದ್ರೂ ಹಾಕ್ತಿದ್ದೆ.

ಒಂದು ಕೇಳ್ಬೇಕಿತ್ತು, ರೈತನಿಗೆ ದುಡ್ಡು ಕೊಡೋರು ಯಾರು? ಅಮೆರಿಕದೋರು ನೇರ ರೈತನಿಗೆ ಕೊಡ್ತಿದ್ರಾ ಇಲ್ಲ ಆ ಬಂದೂಕಿನವರ ಕೈಗಾ?

ಬೆಟ್ಟದ_ಹಾದಿ

ಬಂದೂಕಿನವರ ಕೈಗೆ. ಈ ಯೋಜನೆಯ ಮೂಳೆ ಮುರಿಯೋ ಜಾಗ ಇದೇ.

ಅಲ್ಲಿ ರೈತನ ಲೆಕ್ಕ ಹೇಳ್ತೀನಿ. ಶಾನ್, ವಾ, ಲಾಹು, ಪಲಾಂಗ್ ಅಂತ ಬೇರೆ ಬೇರೆ ಜನ, ಎತ್ತರದ ಇಳಿಜಾರಲ್ಲಿ ಬೇಸಾಯ. ಮನೆಗೆ ಬೆಳೆಯೋ ಭತ್ತ ವರ್ಷವಿಡೀ ಸಾಲಲ್ಲ, ಎಷ್ಟೋ ಮನೆಗಳಿಗೆ ನಾಲ್ಕೈದು ತಿಂಗಳು ಕೊಂಡೇ ತಿನ್ಬೇಕು. ಅಫೀಮು ಬಿತ್ತೋದು ಸೆಪ್ಟೆಂಬರ್‌ನಿಂದ ನವೆಂಬರ್, ಕೊಯ್ಲು ಜನವರಿಯಿಂದ ಮಾರ್ಚ್. ಹೂವಿನ ದಳ ಉದುರಿದ ಮೇಲೆ ಕಾಯಿಗೆ ಮೂರ್ನಾಲ್ಕು ಅಲಗಿನ ಚಾಕುವಲ್ಲಿ ಗೀರು ಹಾಕ್ತಾರೆ, ರಾತ್ರಿಯಿಡೀ ಹಾಲು ಒಸರಿ ಕಂದು ಬಣ್ಣಕ್ಕೆ ತಿರುಗುತ್ತೆ, ಮಾರನೇ ಬೆಳಗ್ಗೆ ಕೆರೆದು ತೆಗೀತಾರೆ, ಒಂದೊಂದು ಕಾಯಿಗೂ ಎರಡ್ಮೂರು ಸಲ. ಇಡೀ ಮನೆ ಮಂದಿ ಹೊಲದಲ್ಲೇ. ಅಲ್ಲಿ ತೂಕ ವಿಸ್ ಲೆಕ್ಕ, ಒಂದು ವಿಸ್ ಅಂದ್ರೆ ಸುಮಾರು 1.6 ಕೆಜಿ. ಕೆಡಲ್ಲ, ಹಗುರ, ರಸ್ತೆ ಬೇಡ, ವ್ಯಾಪಾರಿ ಮನೆ ಬಾಗ್ಲಿಗೇ ಬರ್ತಾನೆ. ಟೊಮೇಟೋ ಬೆಳೆದ್ರೆ ಸಂತೆಗೆ ಎರಡು ದಿನ ನಡೀಬೇಕು.

ಅಕ್ಕಿ ಮುಗಿದಾಗ ವ್ಯಾಪಾರಿ ಹತ್ರ ಮುಂಗಡ ತಗೋತಾರೆ, ಕೊಯ್ಲಾದಾಗ ಅಫೀಮಲ್ಲೇ ತೀರಿಸ್ಬೇಕು, ಅದೂ ಕೊಯ್ಲಿಗೆ ಮುಂಚೆ ಮಾತಾಡಿದ ಕಮ್ಮಿ ರೇಟಿಗೆ. ಆ ಮೇಲೆ ಬಂದೂಕಿನವರ ತೆರಿಗೆ, ಸೈನ್ಯದವರು ಬಂದ್ರೆ ಅವರಿಗೂ ಕೊಡ್ಬೇಕು. ಖುನ್ ಸಾನ ಹತ್ರ ಅಫೀಮು ಸೇರೋ ಹೊತ್ತಿಗೆ ರೈತನ ಲೆಕ್ಕ ಮುಗಿದಿರುತ್ತೆ.

ಮೂಡಿಗೆರೆ_ಮಳೆ

ಇದು ಓದಿ ಹೊಟ್ಟೆ ಕಿವುಚಿದ ಹಾಗಾಯ್ತು, ನಮ್ಮಲ್ಲಿ ಅಡಿಕೆ ತೋಟ ಚೇಣಿಗೆ ಕೊಡೋದು ಇದೇ ತರ ಅಲ್ವಾ, ಮಗಳ ಮದುವೆಗೆ ಅಂತ ಹಿಂಗಾರ ಬಿಡೋ ಮುಂಚೆನೇ ದುಡ್ಡು ಇಸ್ಕೊಂಡಿರ್ತಾರೆ, ಆಮೇಲೆ ಧಾರಣೆ ಏರಿದ್ರೆ ಚೇಣಿದಾರನಿಗೆ ಲಾಭ, ಮನೆಯವರು ಮರದ ಕೆಳಗೆ ನಿಂತು ನೋಡ್ತಿರ್ಬೇಕು.

ಒಬ್ಬನೇ ಕೊಳ್ಳೋನು ಅನ್ನೋ ವ್ಯವಸ್ಥೆ ಬಗ್ಗೆ ಹೇಳ್ತೀನಿ. ಕಾಫಿ ಪೂಲ್ ಕಾಲ ನಮ್ಮ ತಂದೆ ನೋಡಿದಾರೆ, 40ರ ದಶಕದಿಂದ 90ರ ದಶಕದ ತನಕ ಬೆಳೆದ ಕಾಫಿ ಪೂರ್ತಿ ಪೂಲಿಗೆ ಕೊಡ್ಬೇಕಿತ್ತು, ಹೊರಗೆ ಮಾರೋ ಹಾಗಿಲ್ಲ, ದುಡ್ಡು ಕಂತು ಕಂತಲ್ಲಿ ಬರ್ತಿತ್ತು. ಕೆಲವರು ರಾತ್ರಿ ಜೀಪಲ್ಲಿ ಸಾಗಿಸ್ತಿದ್ರು ಅನ್ನೋದು ಊರಿಗೆಲ್ಲ ಗೊತ್ತಿದ್ದ ವಿಷಯ. ಆದ್ರೂ ಆ ವ್ಯವಸ್ಥೆ ಐವತ್ತು ವರ್ಷ ನಡೀತು. ಯಾಕೆ ಅಂದ್ರೆ ಮುಂದಿನ ವರ್ಷಾನೂ ಕೊಳ್ಳೋರು ಇರ್ತಾರೆ ಅನ್ನೋ ನಂಬಿಕೆ ಇತ್ತು. ಅಮೆರಿಕ ಮುಂದಿನ ಚುನಾವಣೆ ಆದ್ಮೇಲೂ ಶಾನ್ ಬೆಟ್ಟದಲ್ಲಿ ಅಫೀಮು ಕೊಳ್ಳೋಕೆ ಬರ್ತಿತ್ತಾ? ನನಗೆ ಡೌಟು.

ವೈದ್ಯೆ_ಧಾರವಾಡ

ನಾ ಡಾಕ್ಟರ್ ಇದ್ದೀನ್ರಿ, ಕ್ಯಾನ್ಸರ್ ಪೇಷಂಟ್ಸ್ ನೋಡ್ತೀನಿ. ನೀವೆಲ್ಲಾ ಕೊಂಡು ಸುಡೋ ಮಾತು ಆಡಾಕತ್ತೀರಿ. ಅಫೀಮು ಅಂದ್ರ ಮಾರ್ಫಿನ್ ರೀ. ನಮ್ಮ ದೇಶದಾಗ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಾಗ ಸರ್ಕಾರದ ಲೈಸೆನ್ಸ್ ಮ್ಯಾಲೆ ಬೆಳೀತಾರ, ನೀಮಚ್ ಮತ್ತ ಗಾಜಿಪುರದ ಸರ್ಕಾರಿ ಫ್ಯಾಕ್ಟರಿಗೆ ಹೋಗ್ತದ. ಅಷ್ಟಿದ್ರೂ 1985ರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾನೂನು ಬಂದ ಮ್ಯಾಲೆ ದವಾಖಾನಿಗೆ ಮಾರ್ಫಿನ್ ಸಿಗೋದು ಎಷ್ಟು ತ್ರಾಸ ಆತು ಅಂದ್ರ, ಒಂದೊಂದು ಲೈಸೆನ್ಸಿಗೆ ನಾಕೈದು ಕಡೆ ಸಹಿ. 2014ರಾಗ ತಿದ್ದುಪಡಿ ಮಾಡಿದ್ರು, ಸ್ವಲ್ಪ ಸಸಾರ ಆತು. ನಾ ಹೊಸದಾಗಿ ಕೆಲಸಕ್ಕ ಸೇರಿದಾಗ ಒಂದು ದವಾಖಾನ್ಯಾಗ ಬಾಯಿ ಕ್ಯಾನ್ಸರಿನ ಅಜ್ಜ ಒಬ್ರು ಇದ್ರು, ಹದಿನೆಂಟು ದಿನ ಗ್ವಾಡಿಗೆ ಹಣಿ ಹಚ್ಚಿ ಕುಂತಿದ್ರು, ಮಾರ್ಫಿನ್ ಗುಳಿಗಿ ಬಂದಿದ್ದು ಹತ್ತೊಂಬತ್ತನೇ ದಿನ. ಅವತ್ತ ಮುಂಜಾನೆ ಅವ್ರು ಹೋಗಿದ್ರು.

ಅದಕ್ಕ ನನಗ ಟನ್‌ಗಟ್ಟಲೆ ಅಫೀಮು ಸುಟ್ರು ಅಂತ ಓದಿದಾಗ ಖುಷಿ ಆಗಂಗಿಲ್ಲ ನೋಡ್ರಿ.

ಪಿರಿಯಾಪಟ್ಟಣ_ಬ್ಯಾರನ್

ಡಾಕ್ಟ್ರೇ ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಮ್ಮಮ್ಮಂಗೂ ಹಂಗೇ ಆಗಿತ್ತು.

ಬೆಟ್ಟದ_ಹಾದಿ

ಮೇಡಂ, ಕ್ಷಮಿಸಿ, ನಾನು ಸುಡೋದನ್ನ ದೊಡ್ಡ ವಿಷಯ ಅನ್ನೋ ಹಾಗೆ ಬರೆದುಬಿಟ್ಟೆ. ನೀವು ಹೇಳಿದ ಮೇಲೆ ಟರ್ಕಿ ಕಥೆ ಹೇಳ್ಲೇಬೇಕು.

ಅಮೆರಿಕ ಶಾನ್ ಜನಕ್ಕೆ ಆಗಲ್ಲ ಅಂದ ಅದೇ ದಶಕದಲ್ಲಿ ಟರ್ಕಿಗೆ ದುಡ್ಡು ಕೊಟ್ಟಿತ್ತು. 1971ರಲ್ಲಿ ಅಫೀಮು ಬೆಳೆ ನಿಷೇಧ ಅಂತ ಅಲ್ಲಿಯ ಪ್ರಧಾನಿ ನಿಹಾತ್ ಎರಿಮ್ ಘೋಷಿಸಿದ್ರು, ಅದಕ್ಕೆ ಅಮೆರಿಕದ ಪರಿಹಾರ 3.5 ಕೋಟಿ ಡಾಲರ್. ರೈತರು ಸಿಟ್ಟಾದ್ರು, ಅಲ್ಲಿಯ ಅನಾತೋಲಿಯಾ ಪ್ರದೇಶದಲ್ಲಿ ಗಸಗಸೆ (ಇದೇ ಅಫೀಮು ಗಿಡದ್ದು) ಅಂದ್ರೆ ಎಣ್ಣೆ, ಹಿಟ್ಟು, ದನದ ಮೇವು ಎಲ್ಲ. 1974ರಲ್ಲಿ ಎಜೆವಿತ್ ಪ್ರಧಾನಿ ಆಗಿ ನಿಷೇಧ ತೆಗೆದ್ರು, ಆದ್ರೆ ಒಂದು ಷರತ್ತು ಹಾಕಿದ್ರು, ಕಾಯಿಗೆ ಗೀರು ಹಾಕೋ ಹಾಗಿಲ್ಲ. ಕಾಯಿ ಒಣಗಿಸಿ ಹಾಗೇ ಸರ್ಕಾರಕ್ಕೆ ಕೊಡಿ, ಬೀಜ ನಿಮ್ಮದು. ಬೋಲ್ವಾದಿನ್‌ನ ಫ್ಯಾಕ್ಟರೀಲಿ ಒಣ ಕಾಯಿಂದ ಮಾರ್ಫಿನ್ ತೆಗೀತಾರೆ. ಗೀರೇ ಹಾಕ್ದಿದ್ರೆ ಕದ್ದು ಮಾರೋಕೆ ಹಾಲೇ ಇರಲ್ಲ. ಅಲ್ಲಿಂದ ಕಳ್ಳಸಾಗಣೆ ಹೆಚ್ಚೂಕಮ್ಮಿ ನಿಂತೇ ಹೋಯ್ತು. 1981ರಿಂದ ಅಮೆರಿಕ ತನ್ನ ಔಷಧಿ ಕಂಪನಿಗಳು ಕಚ್ಚಾ ಮಾಲಿನ ಶೇ. 80ರಷ್ಟನ್ನ ಭಾರತ ಮತ್ತು ಟರ್ಕಿಯಿಂದಾನೇ ಕೊಳ್ಳಬೇಕು ಅಂತ ನಿಯಮ ಮಾಡ್ತು. ನಾವು ಹಬ್ಬಕ್ಕೆ ಮಾಡೋ ಪಾಯಸದ ಗಸಗಸೆ ಎಷ್ಟೋ ಸಲ ಅದೇ ಟರ್ಕಿಯಿಂದ ಬಂದಿರುತ್ತೆ.

ಅಂದ್ರೆ ಕೊಂಡ್ಕೊಳ್ಳೋದು ಸಾಧ್ಯ ಇದೆ. ಟರ್ಕಿಯಲ್ಲಿ ಹಳ್ಳಿ ಹಳ್ಳಿಗೂ ಹೋಗಿ ತೂಗೋ ಸರ್ಕಾರ ಇತ್ತು, ರೈತನಿಗೆ ಅಧಿಕಾರಿಯ ಮುಖ ಗೊತ್ತಿತ್ತು. ಶಾನ್ ಬೆಟ್ಟದಲ್ಲಿ ರೈತನಿಗೆ ಗೊತ್ತಿದ್ದ ಸರ್ಕಾರ ಅಂದ್ರೆ ಸೈನ್ಯ.

ಮಂದಸೌರ್_ಕನ್ನಡಿಗ

ಮಂದಸೌರ್‌ನಲ್ಲಿ ಬ್ಯಾಂಕ್ ಕೆಲಸದಲ್ಲಿ ಆರು ವರ್ಷ ಇದ್ದೆ, ನಮ್ಮ ದೇಶದ ಲೈಸೆನ್ಸ್ ವ್ಯವಸ್ಥೆ ಬಗ್ಗೆ ಎರಡು ಮಾತು. ಊರಿಗೊಬ್ಬ ಲಂಬರದಾರ್ ಇರ್ತಾನೆ, ಅವನು ಬೆಳೆಗಾರ ಮತ್ತು ನಾರ್ಕೋಟಿಕ್ಸ್ ಬ್ಯೂರೋ ನಡುವಿನ ಕೊಂಡಿ. ಫೆಬ್ರವರಿ ಮಾರ್ಚಲ್ಲಿ ಗೀರು ಹಾಕೋ ಮುಂಚೆ ದೇವರ ಪೂಜೆ ಮಾಡ್ತಾರೆ, ದಿನ ದಿನದ ತೂಕ ಬರೀತಾರೆ, ಏಪ್ರಿಲ್‌ನಲ್ಲಿ ತೂಕದ ಕೇಂದ್ರಕ್ಕೆ ಸ್ಟೀಲ್ ಪಾತ್ರೇಲಿ ಹೊತ್ಕೊಂಡು ಹೋಗಿ ಸಾಲಲ್ಲಿ ನಿಲ್ತಾರೆ. ಇಷ್ಟು ಇಳುವರಿ ಬರ್ಲೇಬೇಕು ಅಂತ ಕನಿಷ್ಠ ಮಟ್ಟ ಇದೆ, ಕಮ್ಮಿ ಆದ್ರೆ ಮುಂದಿನ ವರ್ಷ ಲೈಸೆನ್ಸ್ ಹೋಗುತ್ತೆ. ಆಲಿಕಲ್ಲು ಬಿದ್ದ ವರ್ಷ ರೈತರ ಮುಖ ನೋಡೋಕಾಗಲ್ಲ, ಬೆಳೆ ಹೋಗಿದ್ದಕ್ಕಿಂತ ಪಟ್ಟಾ, ಅಂದ್ರೆ ಲೈಸೆನ್ಸ್, ಹೋಗುತ್ತೆ ಅನ್ನೋ ಭಯ ಜಾಸ್ತಿ. ಸರ್ಕಾರದ ರೇಟಿಗೂ ಕಳ್ಳ ಮಾರ್ಕೆಟ್ ರೇಟಿಗೂ ಹೋಲಿಕೇನೇ ಇಲ್ಲ, ಆದ್ರೂ ಬಹಳಷ್ಟು ಜನ ಸರ್ಕಾರಕ್ಕೇ ಕೊಡ್ತಾರೆ, ಪಟ್ಟಾ ಅಂದ್ರೆ ಊರಲ್ಲಿ ಮರ್ಯಾದೆ, ಹೆಣ್ಣು ಕೊಡೋರೂ ಕೇಳ್ತಾರೆ. ಸೋರಿಕೆ ಇದೆ, ಇಲ್ಲ ಅನ್ನಲ್ಲ. ನಮ್ಮಲ್ಲಿ ಈಚೆಗೆ ಕೆಲವು ಲೈಸೆನ್ಸ್‌ಗಳನ್ನ ಟರ್ಕಿ ತರ ಗೀರು ಹಾಕದೆ ಒಣ ಕಾಯಿ ಕೊಡೋ ಪದ್ಧತಿಗೆ ಬದಲಾಯಿಸಿದಾರೆ.

ಇಷ್ಟೆಲ್ಲ ಕಾವಲು, ರಸ್ತೆ, ತಕ್ಕಡಿ, ಕೋರ್ಟು ಇರೋ ಕಡೇನೇ ಸೋರುತ್ತೆ. ಬಂದೂಕಿನವರ ಜಾಗದಲ್ಲಿ ತೂಕ ಯಾರು ಮಾಡ್ತಾರೆ?

ನೇರ_ಮಾತು

ಅದೇ ನಾನೂ ಹೇಳ್ತಿರೋದು. ತೂಕ ಯಾರು ಮಾಡ್ತಾರೆ.

ಬೆಟ್ಟದ_ಹಾದಿ

ತೂಕದ ಪ್ರಶ್ನೆಗೆ ಒಂದು ನಿಜವಾದ ಉದಾಹರಣೆ ಇದೆ, ನನ್ನ ವಾದಕ್ಕೆ ವಿರುದ್ಧವಾಗಿದ್ರೂ ಹೇಳ್ತೀನಿ. ಚೀನಾದಲ್ಲಿ ಮಾವೋ ಗೆದ್ದ ಮೇಲೆ, ಸೋತ ಕುವೊಮಿನ್‌ಟಾಂಗ್ ಪಕ್ಷದ ಸೈನ್ಯದ ಒಂದು ಭಾಗ ಬರ್ಮಾಕ್ಕೆ ನುಗ್ಗಿ, ಆಮೇಲೆ ಉತ್ತರ ಥಾಯ್ಲೆಂಡ್ ಬೆಟ್ಟದಲ್ಲಿ ನೆಲೆ ಊರಿತು. ಅವರೇ ದೊಡ್ಡ ಅಫೀಮು ಸಾಗಣೆದಾರರು. 1972ರ ಮಾರ್ಚ್‌ನಲ್ಲಿ ಇನ್ಮೇಲೆ ಈ ವ್ಯಾಪಾರ ಬಿಟ್ವಿ ಅಂತ 26 ಟನ್ ಒಪ್ಪಿಸಿದ್ರು, ಚಿಯಾಂಗ್ ಮಾಯ್ ಹತ್ರ ಸುಟ್ರು, ಬದಲಿಗೆ ಅಮೆರಿಕದ ದುಡ್ಡು ಸುಮಾರು 10 ಲಕ್ಷ ಡಾಲರ್, ನೆಲೆಸೋಕೆ ಜಮೀನು. ಅದೇ ವರ್ಷ ಪತ್ರಕರ್ತ ಜ್ಯಾಕ್ ಆಂಡರ್ಸನ್ ಸುಟ್ಟಿದ್ದರಲ್ಲಿ ಅಫೀಮು ಎಷ್ಟು, ಮೇವು ಕಸಕಡ್ಡಿ ಎಷ್ಟು ಅಂತ ಪ್ರಶ್ನೆ ಎತ್ತಿದ್ರು. ಆ ಪಡೆ ಆಮೇಲೂ ವರ್ಷಗಟ್ಟಲೆ ವ್ಯಾಪಾರದಲ್ಲಿತ್ತು. ಹಾಗಾಗಿ ಮುಂದಿನ ವರ್ಷ ಶಾನ್ ಪ್ರಸ್ತಾಪ ಬಂದಾಗ ವಾಷಿಂಗ್ಟನ್‌ನವರಿಗೆ ಅನುಮಾನ ಬಂದಿದ್ದು ಸಹಜ.

ಈಗ ಆ ಜನ ನೆಲೆಸಿದ ಮೇ ಸಲೋಂಗ್‌ಗೆ ಹೋದ್ರೆ ಬೆಟ್ಟದ ತುಂಬ ಊಲಾಂಗ್ ಟೀ ತೋಟ, ವಯಸ್ಸಾದವರು ಯುನ್ನಾನ್ ಭಾಷೆ ಮಾತಾಡ್ತಾ ಕೂತಿರ್ತಾರೆ. ನನಗೆ ಅಲ್ಲಿ ಟೀ ಕೊಟ್ಟ ಒಬ್ರು ಅಜ್ಜಿ ನೀನು ಯಾವ ಬೆಟ್ಟದವನು ಅಂತ ಕೇಳಿದ್ರು. ಥಾಯ್ಲೆಂಡ್‌ನಲ್ಲಿ ಅಫೀಮು ಹೋಗಿದ್ದು ಕೊಂಡು ಸುಟ್ಟಿದ್ರಿಂದ ಅಲ್ಲ. 1969ರಿಂದ ರಾಜಮನೆತನದ ಯೋಜನೆ, 88ರಿಂದ ದೋಯ್ ತುಂಗ್ ಯೋಜನೆ, ರಸ್ತೆ, ಶಾಲೆ, ಪೀಚ್, ಕಾಫಿ, ಮೆಕಡೇಮಿಯಾ, ಬೆಟ್ಟದ ಜನಕ್ಕೆ ನಿಧಾನಕ್ಕೆ ಪೌರತ್ವ, ಹೀಗೆ ಮೂವತ್ತು ವರ್ಷ ಹಿಡೀತು.

ಮೂಡಿಗೆರೆ_ಮಳೆ

ಅಫ್ಘಾನಿಸ್ತಾನದಲ್ಲೂ ಹಿಂಗೇ ಮಾಡೋಕೆ ಹೋಗಿ ಕೆಟ್ಟಿದ್ದಲ್ವಾ? ಬ್ರಿಟಿಷರು ದುಡ್ಡು ಕೊಟ್ಟು ಬೆಳೆ ನಾಶ ಮಾಡ್ಸಿದ್ರು ಅಂತ ಓದಿದ ನೆನಪು.

ಬೆಟ್ಟದ_ಹಾದಿ

ಹೌದು, 2002. ಬೆಳೆ ಕಿತ್ತು ಹಾಕಿದ ರೈತನಿಗೆ ಜಮೀನಿನ ಲೆಕ್ಕದಲ್ಲಿ ಪರಿಹಾರ. ಹಣ ಸ್ಥಳೀಯ ಗವರ್ನರ್, ಕಮಾಂಡರ್‌ಗಳ ಮೂಲಕ ಹೋಯ್ತು, ಎಷ್ಟೋ ರೈತರಿಗೆ ಸಿಗ್ಲೇ ಇಲ್ಲ, ಸಿಗುತ್ತೆ ಅಂತ ಆಸೆಗೆ ಇನ್ನಷ್ಟು ಜನ ಬಿತ್ತಿದ್ರು. 2002ರಲ್ಲಿ 74,000 ಹೆಕ್ಟೇರ್ ಇದ್ದದ್ದು 2004ರಲ್ಲಿ 1,31,000 ಆಯ್ತು. ಅದಕ್ಕೆಲ್ಲ ಈ ಯೋಜನೆ ಒಂದೇ ಕಾರಣ ಅಂತಲ್ಲ, ಆದ್ರೆ ಪಿರಿಯಾಪಟ್ಟಣದ ಅಣ್ಣ ಹೇಳಿದ ಮಾತು ಅಲ್ಲಿ ಅಕ್ಷರಶಃ ನಡೀತು. 2005ರಲ್ಲಿ ಸೆನ್ಲಿಸ್ ಕೌನ್ಸಿಲ್ ಅನ್ನೋ ಸಂಸ್ಥೆ ಡಾಕ್ಟರ್ ಮೇಡಂ ಹೇಳೋ ದಾರೀಲೇ, ಮಾರ್ಫಿನ್ ತಯಾರಿಕೆಗೆ ಅಫೀಮು ಬೆಳೆಯೋ ಲೈಸೆನ್ಸ್ ಕೊಡಿ ಅಂತ ಪ್ರಸ್ತಾಪ ಮಾಡ್ತು. ಕಾಬೂಲ್, ವಾಷಿಂಗ್ಟನ್ ಎರಡೂ ಒಪ್ಲಿಲ್ಲ.

ವೈದ್ಯೆ_ಧಾರವಾಡ

ಆಗ ಒಪ್ಪಿದ್ರೂ ಆ ಮಾರ್ಫಿನ್ ಬಡವರ ದೇಶಕ್ಕ ಬರ್ತಿತ್ತು ಅಂತ ಹೇಳಾಕ ಬರಂಗಿಲ್ರಿ. ಕೊರತಿ ಇರೋದು ಬೆಳ್ಯಾಗ ಅಲ್ಲ, ಕಾನೂನಿನ್ಯಾಗ, ಟ್ರೇನಿಂಗಿನ್ಯಾಗ, ಡಾಕ್ಟರಗೋಳ ಅಂಜಿಕ್ಯಾಗ. ಇದನ್ನ ನಾನು ನನ್ನ ವಾದದ ವಿರುದ್ಧನ ಹೇಳಾಕತ್ತೀನಿ, ಯಾಕಂದ್ರ ಖರೇ ಅದ.

ಸಂಶಯ_ನಿವಾರಣೆ

ಸುಮ್ನೆ ಓದ್ತಿದ್ದೆ. ಒಂದು ಪ್ರಶ್ನೆ. ಬಂದೂಕಿನವರೇ ತಾವಾಗಿ ಬೆಳೆ ನಿಲ್ಲಿಸಿದ್ದು ಎಲ್ಲಾದ್ರೂ ಇದೆಯಾ, ಯಾರೂ ದುಡ್ಡು ಕೊಡದೆ?

ಬೆಟ್ಟದ_ಹಾದಿ

ಇದೆ, ಮತ್ತೆ ಓದಿದ್ರೆ ನಿದ್ದೆ ಬರಲ್ಲ ಅಂಥ ಕಥೆ. ಚೀನಾ ಗಡಿಯಲ್ಲಿ ವಾ ಪ್ರದೇಶ. 1989ರಲ್ಲಿ ಬರ್ಮಾ ಕಮ್ಯುನಿಸ್ಟ್ ಪಕ್ಷದ ಸೈನಿಕರು ತಮ್ಮ ನಾಯಕರ ವಿರುದ್ಧಾನೇ ದಂಗೆ ಎದ್ದು ಯುನೈಟೆಡ್ ವಾ ಸ್ಟೇಟ್ ಆರ್ಮಿ ಅಂತ ಆದ್ರು, ಸರ್ಕಾರದ ಜೊತೆ ಕದನ ವಿರಾಮ ಮಾಡ್ಕೊಂಡ್ರು, ಯಾರ ಕಾಟಾನೂ ಇಲ್ದೆ ವ್ಯಾಪಾರ ಬೆಳೀತು. 1993ರಲ್ಲಿ ಅವರಲ್ಲೇ ಒಬ್ಬ ನಾಯಕ, ಸಾ ಲು ಅಂತ, ನಮ್ಮ ಜನ ಅಫೀಮಿನ ಜೀತಕ್ಕೆ ಬಿದ್ದಿದಾರೆ, ಬದಲಿ ಬೆಳೆಗೆ ಸಹಾಯ ಮಾಡಿ, ನಾವು ನಿಲ್ಲಿಸ್ತೀವಿ ಅಂತ ಹೊರಗಿನ ದೇಶಗಳಿಗೆ ಪತ್ರ ಬರೆದ್ರು. ಏನೂ ಆಗ್ಲಿಲ್ಲ. ಕೊನೆಗೆ ನಾಯಕ ಬಾವೋ ಯೋಶಿಯಾಂಗ್ 2005ರೊಳಗೆ ಅಫೀಮು ಬಂದ್ ಅಂತ ಘೋಷಿಸಿದ್ರು, ಮಾಡಿಯೂ ತೋರಿಸಿದ್ರು.

ಹೆಂಗೆ ಮಾಡಿದ್ರು ಅಂದ್ರೆ, ಅದಕ್ಕೂ ಮುಂಚೆ 1999ರಿಂದ ಉತ್ತರದ ಬೆಟ್ಟದ ಹಳ್ಳಿಗಳನ್ನ ಎಬ್ಬಿಸಿ ದಕ್ಷಿಣಕ್ಕೆ, ಥಾಯ್ ಗಡಿ ಕಡೆ ಸಾಗಿಸಿದ್ರು, ಲಕ್ಷಕ್ಕೂ ಹೆಚ್ಚು ಜನ. ಚಳಿ ಬೆಟ್ಟದವರನ್ನ ಮಲೇರಿಯಾ ಕಣಿವೆಗೆ ತಂದು ಬಿಟ್ರು, ಮೊದಲ ಮಳೆಗಾಲದಲ್ಲೇ ಮಕ್ಕಳು ಮುದುಕರು ಸತ್ರು. ಅಲ್ಲಿ ಮೊದಲಿಂದ ಇದ್ದ ಶಾನ್, ಲಾಹು ಜನರ ಹೊಲ ಹೋಯ್ತು. ಉತ್ತರದಲ್ಲಿ ಉಳಿದವರಿಗೆ ವಿಶ್ವ ಆಹಾರ ಕಾರ್ಯಕ್ರಮದ ಅಕ್ಕಿ ಕೊಡ್ಬೇಕಾಯ್ತು. ಚೀನಾ ಕಂಪನಿಗಳ ರಬ್ಬರ್ ತೋಟ ಬಂತು, ತಮ್ಮದೇ ಜಮೀನಲ್ಲಿ ಕೂಲಿ. ಬರ್ಮಾದ ಒಟ್ಟು ಬೆಳೆ 1996ರಲ್ಲಿ 1,63,000 ಹೆಕ್ಟೇರ್ ಇದ್ದದ್ದು 2006ಕ್ಕೆ 21,500ಕ್ಕೆ ಇಳೀತು, ವಿಶ್ವಸಂಸ್ಥೆ ಲೆಕ್ಕದಲ್ಲಿ ದೊಡ್ಡ ಯಶಸ್ಸು. ಬಂದೂಕಿನವರ ಆದಾಯ ಮಾತ್ರ ನಿಲ್ಲಲಿಲ್ಲ, ಅಷ್ಟೊತ್ತಿಗೆ ಯಾಬಾ ಅನ್ನೋ, ರಾಸಾಯನಿಕದಿಂದ ಮಾಡೋ ನಶೆ ಮಾತ್ರೆ ಬಂದಿತ್ತು, ಅದಕ್ಕೆ ಹೊಲಾನೂ ಬೇಡ, ಮಳೆನೂ ಬೇಡ, ರೈತನೂ ಬೇಡ.

ಇದನ್ನ ಓದಿದ ಮೇಲೆ ನನ್ನ ನಿಲುವು ಸ್ವಲ್ಪ ಬದಲಾಯ್ತು. 1973ರ ಪತ್ರಕ್ಕೆ ಉತ್ತರ ಕೊಡಬೇಕಿತ್ತು ಅಂತ ಈಗಲೂ ಹೇಳ್ತೀನಿ. ಕೊಡಬೇಕಿದ್ದ ಉತ್ತರ ಅಫೀಮಿನ ಬೆಲೆ ಬಗ್ಗೆ ಅಲ್ಲ, ಅದರ ಇನ್ನೊಂದು ಅರ್ಧದ ಬಗ್ಗೆ, ಒಕ್ಕೂಟ, ಮಾತುಕತೆ, ಹಳ್ಳಿಗೆ ಹೋಗಿ ತೂಗೋ ಅಧಿಕಾರ ಯಾರದ್ದು ಅನ್ನೋದು. ಹೆಲಿಕಾಪ್ಟರ್ ಕೊಟ್ಟಾಗ ಆ ಮಾತೇ ಮುಗೀತು.

ನೇರ_ಮಾತು

ಇದನ್ನ ಒಪ್ತೀನಿ ಸರ್, ಅರ್ಧ. ನಮ್ಮ ಕಾಡಲ್ಲೂ ಒಂದು ವಿಷಯ ನೆನಪಿಗೆ ಬಂತು. ಶ್ರೀಗಂಧದ ಮರ ನಮ್ಮ ಹೊಲದಲ್ಲೇ ಬೆಳೆದ್ರೂ ಸರ್ಕಾರದ್ದು ಅಂತ ಕಾನೂನು ಇತ್ತು. ನಮ್ಮಜ್ಜ ಗಂಧದ ಸಸಿ ಕಂಡ್ರೆ ಕಿತ್ತು ಹಾಕ್ತಿದ್ರು, ಬೆಳೆದ್ರೆ ಕಳ್ಳರೂ ಬರ್ತಾರೆ ಗಾರ್ಡೂ ಬರ್ತಾರೆ ಅಂತ. 2001ರಲ್ಲಿ ಕಾನೂನು ಬದಲಾಯ್ತು, ಮರ ಬೆಳೆದವನದ್ದೇ ಅಂತ. ಈಗ ಜನ ತಾವಾಗೇ ನೆಡ್ತಿದಾರೆ, ತಂತಿ ಬೇಲಿ ಹಾಕಿ ರಾತ್ರಿ ಕಾಯ್ತಾರೆ. ವೀರಪ್ಪನ್‌ನ ಕೊಂದಿದ್ದು 2004ರಲ್ಲಿ ಪೊಲೀಸರು, ಅದು ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ಗಂಧದ ಮರ ಹೊಲಕ್ಕೆ ವಾಪಸ್ ಬಂದಿದ್ದು ಕಾನೂನು ಬದಲಾಗಿದ್ದಕ್ಕೆ. ದುಡ್ಡು ಬಂದೂಕಿನವನ ಕೈಗೆ ಹೋಗಬಾರದು ಅನ್ನೋ ನನ್ನ ಮಾತು ಮಾತ್ರ ಹಾಗೇ ಇದೆ.

ಸಂಶಯ_ನಿವಾರಣೆ

ಆ ಪತ್ರದ ಜನ ಆಮೇಲೆ ಏನಾದ್ರು?

ಬೆಟ್ಟದ_ಹಾದಿ

ಲೋ ಸಿಂಗ್ ಹಾನ್ ಬಿಡುಗಡೆ ಆಗಿ ರಂಗೂನಿನ ದೊಡ್ಡ ಉದ್ಯಮಿ ಆದ, ಏಷ್ಯಾ ವರ್ಲ್ಡ್ ಅವನ ಕಂಪನಿ, ರಸ್ತೆ, ಬಂದರು ಕಾಂಟ್ರಾಕ್ಟು, 2013ರಲ್ಲಿ ತೀರ್ಕೊಂಡ. ಖುನ್ ಸಾನ ತಲೆಗೆ ಅಮೆರಿಕ 20 ಲಕ್ಷ ಡಾಲರ್ ಬಹುಮಾನ ಇಟ್ಟಿತ್ತು, ಅವನು 1996ರ ಜನವರಿಯಲ್ಲಿ ಬರ್ಮಾ ಸರ್ಕಾರಕ್ಕೆ ಶರಣಾಗಿ ರಂಗೂನಿನಲ್ಲೇ ಇದ್ದು 2007ರಲ್ಲಿ ಸತ್ತ, ಅಮೆರಿಕಕ್ಕೆ ಅವನನ್ನ ಕೊಡ್ಲೇ ಇಲ್ಲ. ಚಾವೋ ತ್ಸಾಂಗ್ ಕೆನಡಾಕ್ಕೆ ಹೋಗಿ ಓದಿ, ಬರೆದು, ಒಕ್ಕೂಟದ ಸಂವಿಧಾನದ ಕೆಲಸ ಮಾಡ್ತಾನೇ 2004ರಲ್ಲಿ ಹೋದ್ರು.

ಬೆಳೆ ವಾಪಸ್ ಬಂದಿದೆ. 2021ರ ಸೈನಿಕ ದಂಗೆ ಆದ್ಮೇಲೆ ಮತ್ತೆ ಏರ್ತು, 2023ರಲ್ಲಿ 47,100 ಹೆಕ್ಟೇರ್, ಸುಮಾರು 1,080 ಟನ್. ಅದೇ ಹೊತ್ತಿಗೆ ತಾಲಿಬಾನ್ ನಿಷೇಧದಿಂದ ಅಫ್ಘಾನಿಸ್ತಾನದ್ದು ಶೇ. 95 ಇಳೀತು, ಹಾಗಾಗಿ ಈಗ ಬರ್ಮಾನೇ ಮೊದಲು. ರೈತನಿಗೆ ಕೆಜಿಗೆ ಸರಾಸರಿ 355 ಡಾಲರ್ ಸಿಗ್ತಿತ್ತು ಆ ವರ್ಷ.

ಪಿರಿಯಾಪಟ್ಟಣ_ಬ್ಯಾರನ್

355 ಡಾಲರ್ ಅಂದ್ರೆ ಮೂವತ್ತು ಸಾವಿರದ ಹತ್ರ ಆಯ್ತಲ್ಲ ಸರ್. ಎಕರೆಗೆ ಎಷ್ಟು ಬರುತ್ತೆ?

ಬೆಟ್ಟದ_ಹಾದಿ

ಹೆಕ್ಟೇರಿಗೆ 23 ಕೆಜಿ ಹತ್ರ ಬಂದಿತ್ತು 2023ರಲ್ಲಿ, ಎಕರೆಗೆ ಒಂಬತ್ತು ಅಂದ್ಕೊಳ್ಳಿ. ಆದ್ರೆ ಬೆಟ್ಟದ ಮನೆಯವರ ಹತ್ರ ಎಕರೆಗಟ್ಟಲೆ ಇರಲ್ಲ. ಕೈ ಕೆಲಸ ಅಷ್ಟು, ಗೊಬ್ಬರ ಕೊಳ್ಳೋರು ಕಮ್ಮಿ.

ಪಿರಿಯಾಪಟ್ಟಣ_ಬ್ಯಾರನ್

ಮತ್ತೆ ಆ ಮುಂಗಡ ತೀರಿಸಿ, ತೆರಿಗೆ ಕಳೆದು. ನಮ್ಗೆ ಬ್ಯಾರನ್ ಸೌದೆ ಸಾಲಕ್ಕೆ ಹೋಗೋದು ಮಳೆ ಶುರುವಾದಾಗ. ಅವರು ಯಾವ ತಿಂಗಳಲ್ಲಿ ತಗೋತಾರೆ ಸಾಲ?

ಬೆಟ್ಟದ_ಹಾದಿ

ಅವರೂ ಮಳೆಗಾಲದಲ್ಲೇ ಅಣ್ಣ. ಜುಲೈ, ಆಗಸ್ಟ್. ಹಳೇ ಭತ್ತ ಮುಗಿದು ಹೊಸದು ಇನ್ನೂ ಹಸಿರಾಗಿರೋ ಹೊತ್ತಲ್ಲಿ.